ಒಡಿಶಾದಿಂದ ಬಸವನಗುಡಿಗೆ, ಅಲ್ಲಿಂದ ಡಬ್ಲಿನ್‌ಗೆ: ದತ್ತು ಬಂದ ಎರಡು ವರ್ಷದ ಮಗನನ್ನು ಹೇಗೆ ಹೊಂದಿಸಿಕೊಳ್ಳುವುದು?

ಡಬ್ಲಿನ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾವು ಐರ್ಲೆಂಡ್‌ನಲ್ಲಿರುವ ಕನ್ನಡದವರು. ಕಾರಾ (ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಮೂಲಕ ದತ್ತು ತೆಗೆದುಕೊಂಡು, ಮಗನನ್ನು ಒಡಿಶಾದ ದತ್ತು ಕೇಂದ್ರದಿಂದ ಈಗಷ್ಟೇ ಬೆಂಗಳೂರಿಗೆ ಕರೆತಂದಿದ್ದೇವೆ. ಎರಡು ವರ್ಷ ದಾಟಿದೆ. ಜಿಲ್ಲಾಧಿಕಾರಿಯ ಆದೇಶ ಆಗಿದೆ. ಪಾಸ್‌ಪೋರ್ಟ್, ವೀಸಾ ಬಾಕಿ. ಅಲ್ಲಿಯವರೆಗೆ ಬಸವನಗುಡಿಯಲ್ಲಿ ನಮ್ಮ ಅತ್ತೆಯ ಮನೆಯಲ್ಲಿದ್ದೇವೆ.

ಮಗು ಅಳುವುದೇ ಇಲ್ಲ. ಬಿದ್ದರೂ ಅಳುವುದಿಲ್ಲ. ನಿನ್ನೆ ಮೆಟ್ಟಿಲ ಹತ್ತಿರ ಬಿದ್ದು ಮಂಡಿ ತರಚಿತು. ಎದ್ದು ಕೂತು ಗೋಡೆ ನೋಡಿದ, ಅಷ್ಟೇ. ರಾತ್ರಿ ಚಪ್ಪಲಿ ಬಿಚ್ಚೋಕೆ ಬಿಡುವುದಿಲ್ಲ, ಹಾಕಿಕೊಂಡೇ ಮಲಗುತ್ತಾನೆ. ಮನೆಗೆ ಬಂದವರು ಯಾರೇ ಕೈ ಚಾಚಿದರೂ ಹೋಗುತ್ತಾನೆ. ಎಲ್ಲರೂ "ಎಷ್ಟು ಚೆನ್ನಾಗಿ ಹೊಂದಿಕೊಂಡುಬಿಟ್ಟ, ಪುಣ್ಯವಂತರು ನೀವು" ಅನ್ನುತ್ತಿದ್ದಾರೆ. ನನಗೆ ಒಳಗೊಳಗೇ ಹಾಗನ್ನಿಸುತ್ತಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಮತ್ತೆ ದೇಶವೇ ಬದಲಾಗುತ್ತದೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಹೆಬ್ಬಾಳದ ಅಮ್ಮ

ಮೊದಲು ಅಭಿನಂದನೆ. ನಿಮ್ಮ ಅನಿಸಿಕೆ ಸರಿ ಇದೆ, ಅದನ್ನೇ ನಂಬಿ. ನಮ್ಮ ಮಗಳು ಜಾರ್ಖಂಡ್‌ನಿಂದ ಬಂದವಳು, ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ. ಅವಳೂ ಎಲ್ಲರ ಹತ್ತಿರ ಹೋಗುತ್ತಿದ್ದಳು. ಅದು ಹೊಂದಿಕೆಯಲ್ಲ. ಇವರಲ್ಲಿ ನನ್ನವರು ಯಾರು ಅಂತ ಮಗುವಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇ. ಕೇಂದ್ರದಲ್ಲಿ ಪಾಳಿಯ ಮೇಲೆ ಮಾಸಿಯರು, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು, ಬದಲಾಗುತ್ತಾರೆ. ಯಾರು ಎತ್ತಿಕೊಂಡರೂ ಒಪ್ಪಿಕೊಳ್ಳುವುದನ್ನು ಮಗು ಅಲ್ಲೇ ಕಲಿತಿರುತ್ತದೆ. ಅಳು ಕೂಡ ಹಾಗೇ. ಅತ್ತರೆ ಯಾರಾದರೂ ಬರುತ್ತಾರೆ ಅನ್ನುವ ಅನುಭವ ಇದ್ದರೆ ತಾನೇ ಮಗು ಅಳುವುದು?

ನಾನು ಹೇಳುವುದು ಒಂದೇ. ಸದ್ಯಕ್ಕೆ ಅವನ ಪ್ರಪಂಚವನ್ನು ಚಿಕ್ಕದು ಮಾಡಿ. ನೀವಿಬ್ಬರು, ಒಂದು ಕೋಣೆ, ಒಂದೇ ದಿನಚರಿ. ಊಟ ಮಾಡಿಸುವುದು, ಸ್ನಾನ, ಮಲಗಿಸುವುದು, ಬಿದ್ದಾಗ ಎತ್ತಿಕೊಳ್ಳುವುದು, ಇಷ್ಟನ್ನು ನೀವಿಬ್ಬರು ಮಾತ್ರ ಮಾಡಿ. ಬೇರೆ ಯಾರೇ ಎತ್ತಿಕೊಳ್ಳೋಕೆ ಬಂದರೂ ನಗುತ್ತಲೇ ಮಗುವನ್ನು ನಿಮ್ಮ ಕಡೆ ತಿರುಗಿಸಿಕೊಳ್ಳಿ. ಅವನು ಅಳದಿದ್ದರೂ, ಬಿದ್ದಾಗ ಓಡಿ ಹೋಗಿ. "ಅಯ್ಯೋ ಕಂದಾ, ನೋವಾಯ್ತಾ" ಅಂತ ಎತ್ತಿಕೊಂಡು ಮಂಡಿ ಸವರಿ, ಊದಿ. ನೋವಾದರೆ ಅಮ್ಮ ಬರುತ್ತಾಳೆ ಅಂತ ಅವನ ಮೈಗೆ ಗೊತ್ತಾಗಬೇಕು. ನಮ್ಮ ಮಗಳು ಮೊದಲ ಸಲ ಬಿದ್ದು ಜೋರಾಗಿ ಅತ್ತು ನನ್ನನ್ನು ಹುಡುಕಿಕೊಂಡು ಬಂದ ದಿನ ನಾವು ಮನೆಯಲ್ಲಿ ಪಾಯಸ ಮಾಡಿದೆವು.

ಕೈತುತ್ತು ತುಂಬಾ ದೊಡ್ಡ ವಿಷಯ. ತೊಡೆಯ ಮೇಲೆ ನಿಮ್ಮ ಕಡೆ ಮುಖ ಮಾಡಿ ಕೂರಿಸಿಕೊಂಡು ತಿನ್ನಿಸಿ. "ಈಗಾಗಲೇ ತಾನೇ ತಿನ್ನುತ್ತಾನೆ, ಯಾಕೆ ಅಭ್ಯಾಸ ಕೆಡಿಸುತ್ತೀರಿ" ಅಂತ ಯಾರಾದರೂ ಹೇಳುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಅವನಿಗೆ ತಪ್ಪಿಹೋದದ್ದೇ ಅದು.

ಚಪ್ಪಲಿ ಬಿಚ್ಚಿಸೋಕೆ ಹೋಗಬೇಡಿ. ಅಡಿ ಒರೆಸಿ, ಹಾಗೇ ಮಲಗಲಿ.

ಮಕ್ಕಳ ವೈದ್ಯೆ, ರಾಜಾಜಿನಗರ

ಮನಸ್ಸಿನ ಮಾತು ಬೇರೆಯವರು ಹೇಳುತ್ತಾರೆ, ನಾನು ದೇಹದ ಬಗ್ಗೆ ಹೇಳುತ್ತೇನೆ. ಕೇಂದ್ರದ ಆರೋಗ್ಯ ವರದಿ ನಿಮ್ಮ ಹತ್ತಿರ ಇರುತ್ತದೆ. ಆದರೂ ಒಬ್ಬ ಮಕ್ಕಳ ವೈದ್ಯರ ಹತ್ತಿರ ಹೊಸದಾಗಿ ಪೂರ್ತಿ ತಪಾಸಣೆ ಮಾಡಿಸಿ. ರಕ್ತಹೀನತೆ ತುಂಬಾ ಸಾಮಾನ್ಯ. ಈ ವಯಸ್ಸಿಗೆ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ಕಾರಣ ಹುಡುಕಬೇಕು, ಸುಮ್ನೆ ಕಬ್ಬಿಣದ ಸಿರಪ್ ಕೊಟ್ಟು ಕೂರಬಾರದು. ಒಡಿಶಾದ, ಅದರಲ್ಲೂ ಪಶ್ಚಿಮದ ಜಿಲ್ಲೆಗಳಲ್ಲಿ ಸಿಕಲ್ ಸೆಲ್ ಅನ್ನುವ ವಂಶಪಾರಂಪರ್ಯ ರಕ್ತದ ಕಾಯಿಲೆ ಜಾಸ್ತಿ. ಅದಕ್ಕೆ ಎಚ್‌ಪಿಎಲ್‌ಸಿ ಅನ್ನುವ ರಕ್ತ ಪರೀಕ್ಷೆ ಮಾಡಿಸಿ, ಥಲಸ್ಸೀಮಿಯಾ ಅನ್ನುವ ಇಂಥದ್ದೇ ಇನ್ನೊಂದು ಕಾಯಿಲೆಯ ವಾಹಕತೆಯೂ ಅದರಲ್ಲೇ ಗೊತ್ತಾಗುತ್ತದೆ. ಥೈರಾಯ್ಡ್, ವಿಟಮಿನ್ ಡಿ, ಮಲ ಪರೀಕ್ಷೆ, ಟಿಬಿಗೆ ಮಾಂಟೂ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ಮತ್ತೊಮ್ಮೆ. ಲಸಿಕೆ ಕಾರ್ಡ್‌ನ ಅಸಲು ಪ್ರತಿ ಜೋಪಾನ, ಡಬ್ಲಿನ್‌ನಲ್ಲಿ ಕೇಳುತ್ತಾರೆ.

ಕಿವಿ ಪರೀಕ್ಷೆ ಬಿಡಬೇಡಿ. ಕರೆದರೆ ತಿರುಗದ ಮಗುವನ್ನು "ಹೊಸ ಭಾಷೆ ಅಲ್ವಾ" ಅಂದುಕೊಂಡು ಬಿಟ್ಟುಬಿಡುತ್ತಾರೆ. ಕೆಲವು ಸಲ ಕಿವಿಯಲ್ಲಿ ನೀರು ತುಂಬಿರುತ್ತದೆ, ಅಷ್ಟೇ.

ಎತ್ತರ, ತೂಕ ಕಡಿಮೆ ಇದ್ದರೆ ಗಾಬರಿ ಬೇಡ. ಸಂಸ್ಥೆಯಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಸುಮಾರು ಒಂದು ತಿಂಗಳ ಬೆಳವಣಿಗೆ ಹಿಂದೆ ಬೀಳುತ್ತದೆ ಅನ್ನುವುದು ವೈದ್ಯರು ಬಳಸುವ ಒಂದು ಅಂದಾಜು. ಮನೆಗೆ ಬಂದ ಮೇಲೆ ಬಹಳ ಮಕ್ಕಳು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಒಂದು ಬೇಡಿಕೆ: ರಕ್ತ ತೆಗೆಯುವಾಗ ಮಗುವನ್ನು ನರ್ಸ್ ಕೈಗೆ ಕೊಟ್ಟು ಹೊರಗೆ ನಿಲ್ಲಬೇಡಿ. ನಿಮ್ಮ ತೊಡೆಯ ಮೇಲೇ ಇರಲಿ.

ನಿವೃತ್ತ ಮೇಷ್ಟ್ರು

ಯಾರಿಗೂ ಬೇಸರ ಆಗಬಾರದು, ಆದರೂ ಕೇಳುತ್ತೇನೆ. ಇಷ್ಟು ಯೋಚನೆ ಬೇಕಾ? ಎರಡು ವರ್ಷದ ಮಗುವಿಗೆ ಏನು ನೆನಪಿರುತ್ತದೆ? ನಮ್ಮ ಕಡೆ ತುಂಬಿದ ಮನೆಯಲ್ಲಿ ಮಕ್ಕಳು ಹತ್ತು ಜನರ ಕೈಯಲ್ಲಿ ಬೆಳೆದವು. ಪ್ರೀತಿ ಕೊಟ್ಟರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ. ಮಗುವನ್ನು ಕೋಣೆಯಲ್ಲಿ ಇಟ್ಟು ಅಜ್ಜಿ ಕೈಗೂ ಕೊಡಬೇಡಿ ಅನ್ನುವುದು ನನಗೆ ಸರಿ ಕಾಣುತ್ತಿಲ್ಲ.

ಮೂರನೇ ವಯಸ್ಸಿಗೆ ಬಂದವಳು

ಮೇಷ್ಟ್ರೇ, ಗೌರವದಿಂದಲೇ ಉತ್ತರ ಕೊಡುತ್ತೇನೆ. ನಾನು ದತ್ತು ಮಗಳು. ಮೂರನೇ ವಯಸ್ಸಿಗೆ ಮೈಸೂರಿನ ಮನೆಗೆ ಬಂದೆ. ಈಗ ನನಗೇ ಮಕ್ಕಳಿದ್ದಾರೆ. ನನಗೆ ಆ ಕೇಂದ್ರದ ಒಂದು ಮುಖವೂ ನೆನಪಿಲ್ಲ. ಆದರೆ ಯಾರಾದರೂ ಸೂಟ್‌ಕೇಸ್ ಮುಚ್ಚುವ ಸದ್ದು ಕೇಳಿದರೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿ. ನೆನಪಿಲ್ಲ ಅಂದರೆ ಏನೂ ಆಗಿಲ್ಲ ಅಂತಲ್ಲ.

ಹತ್ತು ಜನರ ಕೈಯಲ್ಲಿ ಬೆಳೆದ ಮಗುವಿಗೆ ತನ್ನ ಅಮ್ಮ ಯಾರು ಅಂತ ಹುಟ್ಟಿದಾಗಿನಿಂದ ಗೊತ್ತಿರುತ್ತದೆ. ಆ ಬುಡ ಗಟ್ಟಿ ಇದೆ, ಅದಕ್ಕೇ ಹತ್ತು ಕೈ ಚೆನ್ನ. ಈ ಮಗುವಿಗೆ ಬುಡವನ್ನೇ ಈಗ ಕಟ್ಟಬೇಕು. ಹುಟ್ಟಿಸಿದವರನ್ನು ಒಮ್ಮೆ ಕಳೆದುಕೊಂಡಿದೆ, ಸಾಕಿದ ಮಾಸಿಯರನ್ನು ಈಗ ಕಳೆದುಕೊಂಡಿದೆ. ಅದರ ಲೆಕ್ಕದಲ್ಲಿ ದೊಡ್ಡವರು ಅಂದರೆ ಬಂದು ಹೋಗುವವರು.

ಡಬ್ಲಿನ್ ಕನ್ನಡತಿ ಅವರೇ, ನಿಮಗೊಂದು ಮಾತು. ಅವನು ಬರುವಾಗ ಹಾಕಿಕೊಂಡಿದ್ದ ಬಟ್ಟೆ ಎತ್ತಿಡಿ. ಕೇಂದ್ರದವರನ್ನು ಕೇಳಿ ಚಿಕ್ಕಂದಿನ ಫೋಟೋ, ನೋಡಿಕೊಂಡ ಮಾಸಿಯ ಹೆಸರು, ಅವನ ಮಂಚದ ಪಕ್ಕದಲ್ಲಿ ಮಲಗುತ್ತಿದ್ದ ಮಗುವಿನ ಹೆಸರು, ಏನು ಹಾಡಿ ಮಲಗಿಸುತ್ತಿದ್ದರು, ಎಲ್ಲ ಬರೆಸಿಕೊಳ್ಳಿ. ಈಗ ಕೇಳಿದರೆ ಹೇಳುತ್ತಾರೆ. ಕೆಲವು ವರ್ಷ ಕಳೆದರೆ ಆ ಮಾಸಿಯರೇ ಅಲ್ಲಿರುವುದಿಲ್ಲ. ದತ್ತು ನಿಯಮಗಳಲ್ಲಿ ಮುಂದೆ ಮಗು ತನ್ನ ಮೂಲ ಹುಡುಕೋಕೆ ಅವಕಾಶ ಇದೆ. 18 ತುಂಬಿದ ಮೇಲೆ ತಾನೇ ಕೇಳಬಹುದು, ಅದಕ್ಕೆ ಮೊದಲಾದರೆ ಅಪ್ಪ ಅಮ್ಮನ ಜೊತೆ. ಆದರೆ ಕಡತದಲ್ಲಿ ಇಂಥ ಸಣ್ಣ ಸಂಗತಿ ಇರುವುದಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಹೆಸರು ಬದಲಿಸಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಹೊಸ ಹೆಸರು ಬೇಕಾದರೆ ಜೊತೆಗೆ ಸೇರಿಸಿ. ಕರೆಯುವುದು ಹಳೆಯ ಹೆಸರಿನಿಂದಲೇ ಇರಲಿ. ಅವನು ತನ್ನ ಜೊತೆ ತಂದಿರುವುದು ಅದೊಂದೇ.

ಹೆಬ್ಬಾಳದ ಅಮ್ಮ

ಮೇಷ್ಟ್ರ ಪ್ರಶ್ನೆಗೆ ಇನ್ನೊಂದು ಸೇರಿಸುತ್ತೇನೆ. ರುಮೇನಿಯಾದ ಬುಕಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಸಂಶೋಧಕರು ಅನಾಥಾಲಯದ 136 ಮಕ್ಕಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅರ್ಧದಷ್ಟು ಮಕ್ಕಳನ್ನು ಸಾಕು ಮನೆಗಳಿಗೆ ಕೊಟ್ಟರು. ಮನೆಗೆ ಹೋದ ಮಕ್ಕಳು ಚೇತರಿಸಿಕೊಂಡರು. ಎರಡು ವರ್ಷದ ಆಸುಪಾಸಿಗೆ ಮೊದಲೇ ಹೋದವರಲ್ಲಿ ಅಂಟಿಕೊಳ್ಳುವ ಗುಣ ಇನ್ನೂ ಚೆನ್ನಾಗಿ ಬಂತು. ಅಲ್ಲಿ ಅನಾಥಾಲಯದಲ್ಲೂ ಊಟ, ಬಟ್ಟೆ ಇತ್ತು. ಇಲ್ಲದಿದ್ದದ್ದು ಒಬ್ಬರೇ ಒಬ್ಬ ಖಾಯಂ ಮನುಷ್ಯ. ಪ್ರೀತಿ ಸಾಕು ಅನ್ನುವುದನ್ನು ಒಪ್ಪುತ್ತೇನೆ ಸರ್. ಅದು ದಿನಾ ಅದೇ ಕೈಯಿಂದ ಸಿಗಬೇಕು.

ಡಬ್ಲಿನ್ ಕನ್ನಡತಿ

ಓದುತ್ತಾ ಕಣ್ಣು ತುಂಬಿತು. ಕೇಂದ್ರಕ್ಕೆ ಫೋನ್ ಮಾಡಿದೆ. ಒಬ್ಬ ಮಾಸಿ ಸಿಕ್ಕಿದರು, ಅವನನ್ನು ಕೇಳಿ ಅತ್ತುಬಿಟ್ಟರು. ಮಲಗಿಸುವಾಗ ಹಾಡುತ್ತಿದ್ದ ಹಾಡನ್ನು ಫೋನಲ್ಲೇ ಹಾಡಿ ಕಳಿಸಿದ್ದಾರೆ.

ಇನ್ನೂ ಪ್ರಶ್ನೆಗಳಿವೆ. ಒಂದು, ನನ್ನ ಗಂಡನನ್ನು ಕಂಡರೆ ಮಗು ಬಾಗಿಲ ಹಿಂದೆ ಹೋಗುತ್ತದೆ. ಅವರು ಮುಖಕ್ಕೆ ತೋರಿಸಿಕೊಳ್ಳುತ್ತಿಲ್ಲ, ಆದರೆ ನೊಂದಿದ್ದಾರೆ. ಎರಡು, ಊಟ. ಬೇಡ ಅನ್ನುವುದೇ ಇಲ್ಲ, ವಾಂತಿ ಆಗುವವರೆಗೂ ಅನ್ನ ತಿನ್ನುತ್ತಾನೆ. ದಿಂಬಿನ ಕೆಳಗೆ ಚಪಾತಿ ಚೂರು ಸಿಕ್ಕಿತು. ಮೂರು, ನಡುರಾತ್ರಿ ಎದ್ದು ಕೂತು ಮುಂದೆ ಹಿಂದೆ ತೂಗುತ್ತಾನೆ. ನಾಲ್ಕನೆಯದು ಕಷ್ಟದ್ದು. ಅತ್ತೆ ನಾಮಕರಣಕ್ಕೆ ಛತ್ರ ನೋಡುತ್ತಿದ್ದಾರೆ. ಅವರ ಆಸೆ ದೊಡ್ಡದು, ಮನಸ್ಸು ಒಳ್ಳೆಯದು. ಹೇಗೆ ಹೇಳಲಿ?

ವಿಜಯನಗರದ ಅಪ್ಪ

ನಿಮ್ಮ ಯಜಮಾನರಿಗೆ ಇದನ್ನು ತೋರಿಸಿ. ಕೇಂದ್ರಗಳಲ್ಲಿ ನೋಡಿಕೊಳ್ಳುವವರು ಬಹುತೇಕ ಹೆಂಗಸರೇ. ಗಂಡಸಿನ ದನಿ, ಗಡ್ಡ, ಎತ್ತರ ಎಲ್ಲವೂ ಮಗುವಿಗೆ ಹೊಸದು. ಕೆಲವು ಮಕ್ಕಳಿಗೆ ಗಂಡಸು ಅಂದರೆ ಚುಚ್ಚುವ ಡಾಕ್ಟರ್ ಮಾತ್ರ. ಇದು ನಿಮ್ಮ ಮೇಲಿನ ತೀರ್ಪು ಅಲ್ಲ.

ನಾನು ಮಾಡಿದ್ದು ಇಷ್ಟು. ಅವನ ಹತ್ತಿರ ಹೋಗುತ್ತಿರಲಿಲ್ಲ. ನೆಲದ ಮೇಲೆ ಮಲಗಿಕೊಳ್ಳುತ್ತಿದ್ದೆ, ಕಣ್ಣು ಬೇರೆ ಕಡೆ ಇಟ್ಟು. ಎದೆಯ ಮೇಲೆ ಒಂದು ಆಟಿಕೆ ಕಾರು. ಮೊದಲು ದೂರದಿಂದ ನೋಡಿದ. ಆಮೇಲೆ ಕಾರು ಎತ್ತಿಕೊಂಡು ಓಡಿದ. ಆಮೇಲೊಂದು ದಿನ ಕಾರನ್ನು ನನ್ನ ಹೊಟ್ಟೆಯ ಮೇಲೆ ಓಡಿಸಿದ. ದೊಡ್ಡವರು ನೆಲಕ್ಕೆ ಇಳಿದರೆ ಮಗುವಿಗೆ ಧೈರ್ಯ ಬರುತ್ತದೆ. ದಿನಕ್ಕೊಂದು ಖುಷಿಯ ಕೆಲಸ ಅಪ್ಪನದ್ದೇ ಆಗಿರಲಿ. ನಮ್ಮಲ್ಲಿ ಸಂಜೆ ಬಾಳೆಹಣ್ಣು ಅಪ್ಪನೇ ಸುಲಿದು ಕೊಡಬೇಕು ಅನ್ನುವ ನಿಯಮ ಇತ್ತು. ಬೆಳಗ್ಗೆ ಜನ ಸೇರುವ ಮೊದಲು ಕೃಷ್ಣರಾವ್ ಪಾರ್ಕಿಗೆ ಮೂವರೇ ಹೋಗಿ ಬನ್ನಿ. ಲಾಲ್‌ಬಾಗ್ ಭಾನುವಾರ ಬೇಡವೇ ಬೇಡ.

ನೀವು ಇಬ್ಬರಲ್ಲಿ ಒಬ್ಬರಿಗೆ ಮೊದಲು ಒಲಿದರೆ ಅದೂ ಒಳ್ಳೆಯ ಸುದ್ದಿಯೇ. ಒಬ್ಬರನ್ನು ನಂಬೋಕೆ ಬಂದವನಿಗೆ ಇನ್ನೊಬ್ಬರನ್ನು ನಂಬೋಕೂ ಬರುತ್ತದೆ.

ಹೆಬ್ಬಾಳದ ಅಮ್ಮ

ಊಟದ ವಿಷಯ. ತಟ್ಟೆ ಕಿತ್ತುಕೊಳ್ಳಬೇಡಿ, "ಸಾಕು" ಅಂತ ಗದರಬೇಡಿ. ಚಿಕ್ಕ ತಟ್ಟೆ, ಸ್ವಲ್ಪ ಸ್ವಲ್ಪ, ಎರಡು ಗಂಟೆಗೊಮ್ಮೆ. ಅವನ ಕೈಗೆ ಎಟಕುವ ಕಡೆ ಒಂದು ಡಬ್ಬಿ ಇಡಿ. ಮೆತ್ತಗಿನ ಬಾಳೆಹಣ್ಣಿನ ಚೂರು, ಇಡ್ಲಿ ತುಂಡು, ಏನಾದರೂ. ಅದು ಯಾವತ್ತೂ ಖಾಲಿ ಆಗಬಾರದು. ಮುಚ್ಚಳ ಅವನೇ ತೆಗೆಯುವ ಹಾಗಿರಲಿ. ದಿಂಬಿನ ಕೆಳಗಿನ ಚಪಾತಿಗೆ ಬಯ್ಯಬೇಡಿ. "ಇದು ಇಲ್ಲಿ ಹಾಳಾಗುತ್ತೆ ಕಂದಾ, ನಿನ್ನ ಡಬ್ಬಿಗೆ ಹಾಕೋಣ" ಅಂತ ಅವನ ಕೈಯಲ್ಲೇ ಹಾಕಿಸಿ. ಡಬ್ಬಿ ದಿನಾ ತುಂಬಿರುತ್ತದೆ ಅಂತ ನಂಬಿಕೆ ಬರೋಕೆ ನಮ್ಮಲ್ಲಿ ತಿಂಗಳುಗಳೇ ಹಿಡಿದವು. ಹೊಸ ರುಚಿ ಈಗ ಬೇಡ. ಅನ್ನ, ತೆಳು ಬೇಳೆ, ಬೇಯಿಸಿದ ತರಕಾರಿ ಸಾಕು. ಸಾರಿನ ಪುಡಿಯ ಖಾರ ಆಮೇಲೆ ನಿಧಾನವಾಗಿ ಬರಲಿ.

ನಿದ್ದೆ. ಅವನು ಸಾಲು ಮಂಚಗಳ ಕೋಣೆಯಲ್ಲಿ, ಹತ್ತಾರು ಮಕ್ಕಳ ಉಸಿರಿನ ಸದ್ದಿನಲ್ಲಿ ಮಲಗಿ ಅಭ್ಯಾಸ ಆದವನು. ನಿಶ್ಶಬ್ದವೇ ಅವನಿಗೆ ಭಯ. ಫ್ಯಾನ್ ಜೋರಾಗಿ ಇರಲಿ, ಸಣ್ಣ ದೀಪ ಇರಲಿ, ನೀವಿಬ್ಬರೂ ಅಕ್ಕಪಕ್ಕ ಮಲಗಿ. ನಡುರಾತ್ರಿ ಎದ್ದಾಗ ಕಣ್ಣು ತೆರೆದರೆ ಅದೇ ಎರಡು ಮುಖ ಕಾಣಬೇಕು. ತೂಗುವುದು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ರೀತಿ. ತಡೆಯಬೇಡಿ. ಅವನನ್ನು ಮಡಿಲಿಗೆ ತೆಗೆದುಕೊಂಡು ಅದೇ ಲಯದಲ್ಲಿ ನೀವೂ ತೂಗಿ. ಮಾಸಿ ಕಳಿಸಿದ ಹಾಡನ್ನು ನೀವೇ ಕಲಿತು ಹಾಡಿ. ಮೊದಲ ಸಲ ಫೋನಲ್ಲಿ ಅವರ ದನಿ ಕೇಳಿಸಿದರೆ ಅವನು ಹುಡುಕಾಡಬಹುದು. ಅತ್ತರೆ ಅಳಲಿ, ಎತ್ತಿಕೊಂಡಿರಿ.

ತಲೆ ಗೋಡೆಗೆ ಬಡಿದುಕೊಳ್ಳುವುದು ಹೆಚ್ಚಾದರೆ, ಅಥವಾ ತಿಂಗಳುಗಳು ಕಳೆದರೂ ನಿಮ್ಮ ಕಣ್ಣನ್ನೇ ನೋಡದಿದ್ದರೆ, ಕಾಯಬೇಡಿ. ಇಲ್ಲಿದ್ದರೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಹೋಗಿ.

ಜಯನಗರದ ಅಜ್ಜಿ

ಸೊಸೆ ಓದಿ ಹೇಳಿದಳು, ಅವಳ ಕೈಯಿಂದಲೇ ಬರೆಸುತ್ತಿದ್ದೇನೆ. ನಮ್ಮ ಮೊಮ್ಮಗಳೂ ದತ್ತು ಬಂದವಳು. "ಅತ್ತೆ, ಸ್ವಲ್ಪ ದಿನ ನೀವು ಎತ್ತಿಕೊಳ್ಳಬೇಡಿ" ಅಂತ ಸೊಸೆ ಹೇಳಿದಾಗ ಎದೆಗೆ ಚುಚ್ಚಿದ ಹಾಗಾಯಿತು. ಅವಳು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಯಾಕೆ ಅಂತ ಬಿಡಿಸಿ ಹೇಳಿದಳು. ಬರೀ ಬೇಡ ಅನ್ನಲಿಲ್ಲ. ನನಗೆ ಕೆಲಸ ಕೊಟ್ಟಳು. ಅದೇ ದೊಡ್ಡದು.

ನಿಮ್ಮ ಅತ್ತೆಗೂ ಕೆಲಸ ಕೊಡಿ. ಮಗುವಿನ ಬೇಳೆ ಅನ್ನ ಅವರೇ ಮಾಡಲಿ, ತಿನ್ನಿಸುವುದು ನೀವು. ಎಣ್ಣೆ ಬೆಚ್ಚಗೆ ಮಾಡಿ ಕೊಡಲಿ, ಹಚ್ಚುವುದು ನೀವು. ಮೈಗೆ ಸಾಕು, ತಲೆಗೆ ನೀರು ಸುರಿದರೆ ಕೆಲವು ಮಕ್ಕಳು ಹೆದರುತ್ತವೆ. ಬಾಗಿಲು ಕಾಯುವುದು ಅವರದ್ದೇ ಆಗಲಿ. "ಮಗು ಮಲಗಿದೆ, ಇನ್ನೊಂದು ದಿನ ಬನ್ನಿ" ಅಂತ ನೆಂಟರಿಗೆ ಹೇಳೋಕೆ ಹಿರಿಯರೇ ಬೇಕು. ಸೊಸೆ ಹೇಳಿದರೆ ಮಾತು ಬರುತ್ತದೆ, ಅತ್ತೆ ಹೇಳಿದರೆ ಯಾರೂ ತುಟಿ ಎರಡು ಮಾಡುವುದಿಲ್ಲ. ನಾನು ಎಷ್ಟೋ ಜನರನ್ನು ಕಾಫಿ ಕೊಟ್ಟು ಹಜಾರದಿಂದಲೇ ಕಳಿಸಿದ್ದೇನೆ. ಫೋಟೋ ತೆಗೆದು ವಾಟ್ಸ್‌ಆಪ್‌ಗೆ ಹಾಕೋಕೂ ಬಿಡಲಿಲ್ಲ.

ನಾಮಕರಣ ಎಲ್ಲಿ ಹೋಗುತ್ತದೆ? ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚಿ, ನೀವು ನಾಲ್ಕೈದು ಜನ ಸೇರಿ ಮಾಡಿ. ಛತ್ರದ ಊಟ ಮುಂದಿನ ಸಲ ಡಬ್ಲಿನ್‌ನಿಂದ ಬಂದಾಗ ಹಾಕಿಸಿ. ಅಷ್ಟರಲ್ಲಿ ಮಗುವಿಗೆ ಅಜ್ಜಿ ಯಾರು ಅಂತಲೂ ಗೊತ್ತಿರುತ್ತದೆ. ತಲೆಕೂದಲು ತೆಗೆಸುವುದೂ ಈಗ ಬೇಡ. ನಮ್ಮ ಮೊಮ್ಮಗಳು ಈಗ ಶಾಲೆಯಿಂದ ಬಂದ ಕೂಡಲೇ ಮೊದಲು ಬರುವುದು ನನ್ನ ಹತ್ತಿರವೇ.

ನಿವೃತ್ತ ಮೇಷ್ಟ್ರು

ಜಯನಗರದ ಅಮ್ಮನವರ ಮಾತು ಓದಿ ನನಗೆ ವಿಷಯ ಅರ್ಥವಾಯಿತು. ಅಜ್ಜಿಯನ್ನು ದೂರ ಇಡುವುದಲ್ಲ, ಬೇರೆ ಜಾಗದಲ್ಲಿ ನಿಲ್ಲಿಸುವುದು. ಒಪ್ಪಿದೆ. ಆ ಮಗುವಿಗೆ ನನ್ನ ಆಶೀರ್ವಾದ.

ಮಾತಿನ ಚಿಕಿತ್ಸಕಿ, ಮಲ್ಲೇಶ್ವರ

ಯಾರೂ ಭಾಷೆಯ ಬಗ್ಗೆ ಹೇಳಲಿಲ್ಲ. "ಹೇಗೂ ಡಬ್ಲಿನ್‌ಗೆ ಹೋಗುತ್ತಾನೆ, ಈಗಿಂದಲೇ ಇಂಗ್ಲಿಷ್ ಮಾತಾಡಿ" ಅನ್ನುವ ಸಲಹೆ ನಿಮಗೆ ಬಂದೇ ಬರುತ್ತದೆ. ದಯವಿಟ್ಟು ಬೇಡ. ನೀವಿಬ್ಬರೂ ಕನಸು ಕಾಣುವ ಭಾಷೆಯಲ್ಲಿ ಮಾತಾಡಿ, ಅಂದರೆ ಕನ್ನಡದಲ್ಲಿ. ಮುದ್ದು, ಲಾಲಿ, ಗದರಿಕೆ ಅದರಲ್ಲೇ ಸರಾಗ. ಇಂಗ್ಲಿಷ್ ಅಲ್ಲಿನ ಪ್ರೀಸ್ಕೂಲ್‌ನಲ್ಲಿ ಬರುತ್ತದೆ.

ಒಡಿಯಾದ ಕೆಲವು ಮಾತು ನೀವೇ ಕಲಿಯಿರಿ. ನೀರು, ಅನ್ನ, ಹಾಲು, ಬಾ, ನೋವಾ, ಮಲಗು, ಹೆದರಬೇಡ. ಮೊದಲ ವಾರಗಳಲ್ಲಿ ಎರಡೂ ಭಾಷೆಯಲ್ಲಿ ಒಟ್ಟಿಗೆ ಹೇಳಿ. ಅವನಿಗೆ ಬೇಕಾದದ್ದನ್ನು ಕೇಳುವ ದಾರಿ ಒಂದು ದಿನವೂ ಮುಚ್ಚಿರಬಾರದು. ಬಿಟ್ಟರೆ ಈ ವಯಸ್ಸಿನ ಮಕ್ಕಳು ಮೊದಲ ಭಾಷೆಯನ್ನು ಕೆಲವೇ ತಿಂಗಳಲ್ಲಿ ಮಾತಾಡದೆ ಹೋಗುತ್ತಾರೆ. ಆದರೂ ಅದು ಪೂರ್ತಿ ಅಳಿಸುವುದಿಲ್ಲ. ಚೀನಾದಿಂದ ದತ್ತು ಬಂದು ಫ್ರೆಂಚ್ ಮಾತ್ರ ಮಾತಾಡುತ್ತಾ ಬೆಳೆದ ಮಾಂಟ್ರಿಯಲ್‌ನ ಹುಡುಗಿಯರ ಬಗ್ಗೆ 2014ರಲ್ಲಿ ಒಂದು ಅಧ್ಯಯನ ಬಂತು. ಚೀನೀ ಭಾಷೆಯ ಒಂದು ಪದವೂ ಅವರಿಗೆ ಗೊತ್ತಿರಲಿಲ್ಲ. ಆದರೆ ಅದರ ಸ್ವರದ ಏರಿಳಿತ ಕೇಳಿಸಿದಾಗ ಅವರ ಮಿದುಳು ಚೀನೀ ಮಾತಾಡುವವರ ಮಿದುಳಿನಂತೆಯೇ ಕೆಲಸ ಮಾಡಿತು. ನನಗೆ ಈ ಸಂಗತಿ ಅಂದರೆ ತುಂಬಾ ಪ್ರೀತಿ, ಅದಕ್ಕೇ ಹೇಳಿದೆ.

ಸದ್ಯಕ್ಕೆ ಮಾತು ಬಂದಿಲ್ಲ ಅಂತ ಪರೀಕ್ಷೆಗೆ ಓಡಬೇಡಿ. ಕನ್ನಡ ಅರ್ಥ ಮಾಡಿಕೊಳ್ಳುವುದು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದೆಯಾ ಅಂತ ನೋಡಿ. ಹೆಚ್ಚುತ್ತಿಲ್ಲ ಅನ್ನಿಸಿದರೆ ಆಗ ತೋರಿಸಿ.

ಕಾರ್ಕ್‌ನ ಕನ್ನಡಿಗ

ನಾವೂ ಐರ್ಲೆಂಡ್‌ನವರು, ನಮ್ಮ ಮಗಳೂ ಭಾರತದಿಂದ ಬಂದವಳು. ಎರಡನೇ ಬದಲಾವಣೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದಕ್ಕೆ ತಯಾರಿ ಬೆಂಗಳೂರಲ್ಲೇ ಆಗಬೇಕು.

ಈಗ ಅವನು ಮಲಗುವ ಹಾಸಿಗೆ ಬಟ್ಟೆ, ಊಟದ ತಟ್ಟೆ, ಆ ಡಬ್ಬಿ, ಸೋಪು, ಎಣ್ಣೆ, ಎಲ್ಲ ಹಾಗೇ ತೆಗೆದುಕೊಂಡು ಹೋಗಿ. ಹಾಸಿಗೆ ಬಟ್ಟೆಯನ್ನು ಒಗೆಯದೇ ಕೈಚೀಲದಲ್ಲಿ ಇಡಿ. ಆ ವಾಸನೆ ಬೇಕು. ಫ್ಯಾನ್ ಸದ್ದು ರೆಕಾರ್ಡ್ ಮಾಡಿಕೊಳ್ಳಿ, ಅಲ್ಲಿನ ಮನೆಯಲ್ಲಿ ಫ್ಯಾನ್ ಇರುವುದಿಲ್ಲ ಅಲ್ವಾ. ಸೂಟ್‌ಕೇಸ್ ಅವನ ಎದುರಿಗೇ ಕಟ್ಟಿ, ಅವನ ಬಟ್ಟೆ ಮೇಲೆ ಕಾಣುವ ಹಾಗಿರಲಿ. "ಅಮ್ಮ, ಅಪ್ಪ, ನೀನು, ಮೂವರೂ ಹೋಗ್ತೀವಿ" ಅಂತ ದಿನಾ ಹೇಳಿ. ಅರ್ಥ ಆಗಲಿ ಬಿಡಲಿ, ಹೇಳಿ.

ನೇರ ವಿಮಾನ ಇಲ್ಲ, ನಡುವೆ ಇಳಿದು ಹತ್ತಬೇಕು. ನಡುವಿನ ನಿಲ್ದಾಣದಲ್ಲಿ ಸಮಯ ಜಾಸ್ತಿ ಇರುವ ಟಿಕೆಟ್ ತೆಗೆದುಕೊಳ್ಳಿ. ಭದ್ರತಾ ತಪಾಸಣೆಯಲ್ಲಿ ಮಗುವನ್ನು ಬೇರೆಯವರ ಕೈಗೆ ಕೊಡಬೇಡಿ. ಜೂನ್ ಜುಲೈನಲ್ಲಿ ಹೋದರೆ ಅಲ್ಲಿ ರಾತ್ರಿ ಹತ್ತರ ತನಕ ಬೆಳಕು, ಕಪ್ಪು ಪರದೆ ಮೊದಲೇ ಹಾಕಿಸಿ.

ಕಾಗದದ ಕೆಲಸ: ಮಗು ಐರ್ಲೆಂಡ್‌ಗೆ ಬಂದ ಮೂರು ತಿಂಗಳೊಳಗೆ ಅಲ್ಲಿನ ಅಡಾಪ್ಷನ್ ಅಥಾರಿಟಿಯಲ್ಲಿ (ದತ್ತು ಪ್ರಾಧಿಕಾರ) ಅಂತರರಾಷ್ಟ್ರೀಯ ದತ್ತು ನೋಂದಣಿಗೆ ಅರ್ಜಿ ಹಾಕಿ. ಭಾರತಕ್ಕೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಅಂತ ವರದಿ ಹೋಗಬೇಕು. ಆ ವರದಿ ಬರೆಯುವ ಸಮಾಜ ಕಾರ್ಯಕರ್ತರು ತಪ್ಪು ಹುಡುಕೋಕೆ ಬರುವವರಲ್ಲ. ನಿದ್ದೆ, ಊಟ, ಎಲ್ಲ ಬಿಚ್ಚಿ ಹೇಳಿ, ಸಹಾಯ ಅವರಿಂದಲೇ ಸಿಗುತ್ತದೆ. ದತ್ತು ರಜೆ 24 ವಾರ ಇದೆ, ಪೂರ್ತಿ ಬಳಸಿ. 2 ವರ್ಷ 8 ತಿಂಗಳಿಗೆ ಉಚಿತ ಪ್ರೀಸ್ಕೂಲ್‌ಗೆ ಅರ್ಹತೆ ಬರುತ್ತದೆ. ಅರ್ಹತೆ ಬಂತು ಅಂತ ಕಳಿಸಲೇಬೇಕೆಂದಿಲ್ಲ. ಅಷ್ಟು ಹೊತ್ತು ನೀವಿಲ್ಲದೆ ಇರೋಕೆ ಅವನು ತಯಾರಾಗಿದ್ದಾನಾ ಅಂತ ಮೊದಲು ನೋಡಿ. ಬಿಟ್ಟು ಹೋಗುವಾಗ ಅಳದೇ, ಕರೆಯೋಕೆ ಹೋದಾಗ ತಿರುಗಿಯೂ ನೋಡದೇ ಇದ್ದರೆ ಇನ್ನೂ ಕಾಯಿರಿ.

ಸ್ನೇಹಿತರು ಹೂಗುಚ್ಛ, ಬಲೂನ್ ಹಿಡಿದು ವಿಮಾನ ನಿಲ್ದಾಣಕ್ಕೆ ಬರುತ್ತೇವೆ ಅನ್ನುತ್ತಾರೆ. ಬೇಡ ಅಂತ ಈಗಲೇ ಹೇಳಿ. ಬಾಗಿಲ ಮುಂದೆ ಅನ್ನ ಸಾರು ಇಟ್ಟು ಹೋಗಲಿ, ಅದು ದೊಡ್ಡ ಉಪಕಾರ.

ಡಬ್ಲಿನ್ ಕನ್ನಡತಿ

ಎಲ್ಲರಿಗೂ ಮನಸಾರೆ ಧನ್ಯವಾದ. ಅತ್ತೆಗೆ ಜಯನಗರದ ಅಜ್ಜಿಯ ಮಾತು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಛತ್ರದವರಿಗೆ ತಾವೇ ಫೋನ್ ಮಾಡಿದರು. ಈಗ ಬಾಗಿಲು ಅವರದ್ದೇ. ನನ್ನ ಗಂಡ ಹಜಾರದಲ್ಲಿ ನೆಲದ ಮೇಲೆ ಮಲಗಿದ್ದಾರೆ, ಕಾರು ಎದೆಯ ಮೇಲಿದೆ. ಮಗ ನನ್ನ ಸೆರಗು ಹಿಡಿದು ದೂರದಿಂದ ನೋಡುತ್ತಿದ್ದಾನೆ. ಡಾಕ್ಟರ್ ಹೇಳಿದ ಪರೀಕ್ಷೆಗಳಿಗೆ ಈ ವಾರ ಹೋಗುತ್ತೇವೆ. ಎಚ್‌ಪಿಎಲ್‌ಸಿ ವರದಿ ಬಂದ ಮೇಲೆ ಸಂದೇಹ ಇದ್ದರೆ ಇಲ್ಲೇ ಕೇಳುತ್ತೇನೆ.

ಕಾರ್ಕ್‌ನವರೇ, ಡಬ್ಲಿನ್ ಕಡೆ ದತ್ತು ಮಕ್ಕಳ ಜೊತೆ ಕೆಲಸ ಮಾಡಿ ಅನುಭವ ಇರುವ ಮಕ್ಕಳ ವೈದ್ಯರು ಗೊತ್ತಿದ್ದರೆ ನನಗೆ ಖಾಸಗಿ ಸಂದೇಶ ಕಳಿಸುತ್ತೀರಾ?

ಕಾರ್ಕ್‌ನ ಕನ್ನಡಿಗ

ಖಂಡಿತ. ನಮ್ಮ ಸಮಾಜ ಕಾರ್ಯಕರ್ತೆಯನ್ನು ಕೇಳಿ ನಾಳೆ ಕಳಿಸುತ್ತೇನೆ. ನೀವು ಹೊರಡುವ ದಿನ ಗೊತ್ತಾದ ಮೇಲೆ ಹೇಳಿ, ಪರದೆ ಹಾಕಿಸೋಕೆ ಡಬ್ಲಿನ್‌ನಲ್ಲಿರುವ ನಮ್ಮ ತಮ್ಮನನ್ನು ಕಳಿಸುತ್ತೇನೆ.